ಕೆಂಚಾರ್ಲಹಳ್ಳಿಯ ಅರ್ಕಾವತ್ತು

ಚಿಂತಾಮಣಿ ತಾಲ್ಲೂಕಿನ ಹೋಬಳಿ ಊರು ಕೆಂಚಾರ್ಲಹಳ್ಳಿ ನನ್ನ ಊರು. ಆ ಹೆಸರನ್ನೊಮ್ಮೆ ಮೊಬೈಲಿನಲ್ಲಿ ಬರೆದು ನೋಡಿ. ಕಣ್ಣಿಗೆ ಕಾಣುವುದು ಐದೇ ಅಕ್ಷರ: ಕೆಂ, ಚಾ, ರ್ಲ, ಹ, ಳ್ಳಿ. ಮೊಬೈಲಿನ ಒಳಗೆ ದಾಖಲಾಗುವುದು 13 ಸಂಕೇತ. ಮೂರನೆಯ ಅಕ್ಷರದಲ್ಲಿ ಬಾಯಿಗೆ ಮೊದಲು ಬರುವುದು ರ, ಆಮೇಲೆ ಲ. ದಾಖಲಾಗುವುದೂ ಅದೇ ಸಾಲಿನಲ್ಲಿ. ಪರದೆಯ ಮೇಲೆ ಮಾತ್ರ ಲ ಮುಂದೆ ಬರಬೇಕು, ರ ಅದರ ಬಲಕ್ಕೆ ಅರ್ಕಾವತ್ತಾಗಿ ಕೂರಬೇಕು. ಕೊನೆಯ ಅಕ್ಷರದಲ್ಲಿ ಎಲ್ಲಕ್ಕಿಂತ ಕಡೆಗೆ ಒತ್ತಿದ ಗುಡಿಸು ಹಿಂದಕ್ಕೆ ಹೋಗಿ ಮೊದಲ ಳಕಾರದ ತಲೆಗೆ ಅಂಟಬೇಕು, ಎರಡನೆಯ ಳ ಒತ್ತಾಗಿ ಕೆಳಗಿಳಿಯಬೇಕು.

ನಮ್ಮ ಸೀಮೆಯಲ್ಲಿ ಬಹಳ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಕೈವಾರ ತಾತಯ್ಯನವರ ತೆಲುಗು ತತ್ವಪದಗಳನ್ನು ಕನ್ನಡ ಲಿಪಿಯಲ್ಲಿ ಓದಿಕೊಂಡು ಬೆಳೆದವರು ನಾವು. ಇದೇ 'ರ್ಲ' ತೆಲುಗು ಲಿಪಿಗೆ ಹೋದರೆ ರ ಮೇಲೆಯೇ ನಿಂತು ಲ ಕೆಳಗೆ ಒತ್ತಾಗುತ್ತದೆ. ಅಕ್ಕತಂಗಿಯರಂಥ ಎರಡು ಲಿಪಿಗಳು, ಎರಡು ಕಟ್ಟಳೆ. ಈ ಕಟ್ಟಳೆಯನ್ನೆಲ್ಲ ಯಾರೋ ಒಬ್ಬರು ಕುಳಿತು ಕಂಪ್ಯೂಟರಿಗೆ ಹೇಳಿಕೊಡಬೇಕು. ಹಾಗೆ ಹೇಳಿಕೊಟ್ಟವರ ಕಥೆ ಈಚೆಗೆ ನನಗೆ ತುಂಬ ಬೇಕಾಗಿ ಬಂತು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವವನು. ಹಳ್ಳಿಗಳ ಸಣ್ಣ ಸಂಘಗಳು ಸದಸ್ಯರ ಪಟ್ಟಿ, ಸಾಲ, ಉಳಿತಾಯದ ಲೆಕ್ಕ ಇಟ್ಟುಕೊಳ್ಳುವ ತಂತ್ರಾಂಶವೊಂದನ್ನು ನಮ್ಮ ಪುಟ್ಟ ತಂಡ ನೋಡಿಕೊಳ್ಳುತ್ತದೆ. ಅದು ನಿಂತಿರುವುದು ಒಂದು ಮುಕ್ತ ಫ್ರೇಮ್‌ವರ್ಕ್ ಮೇಲೆ. ಮನೆಗೆ ಪಾಯ, ಕಂಬ, ತೊಲೆ ಇದ್ದ ಹಾಗೆ ತಂತ್ರಾಂಶಕ್ಕೆ ಫ್ರೇಮ್‌ವರ್ಕ್. ಪಾಯ, ಕಂಬಗಳನ್ನು ಬೇರೆಯವರು ಕಟ್ಟಿ ಎಲ್ಲರಿಗೂ ಬಿಟ್ಟುಕೊಟ್ಟಿರುತ್ತಾರೆ, ಗೋಡೆ, ಬಾಗಿಲು ಮಾತ್ರ ನಮ್ಮದು. ಈಗ ಆ ಪಾಯ ಕಟ್ಟಿದವರು ಕೈಬಿಟ್ಟಿದ್ದಾರೆ. ದೋಷ ಕಂಡರೆ ಸರಿಪಡಿಸುವವರಿಲ್ಲ. ನಮ್ಮ ಮುಂದಿರುವ ದಾರಿ ಮೂರು. ಎಲ್ಲವನ್ನೂ ಕೆಡವಿ ನಾವೇ ಮೊದಲಿನಿಂದ ಕಟ್ಟಬಹುದು. ಸಿದ್ಧವಿರುವ ಬೇರೊಂದು ಫ್ರೇಮ್‌ವರ್ಕಿಗೆ ಹೋಗಬಹುದು. ಇಲ್ಲವೇ ಈ ಹಳೆಯದರ ಒಂದು ಪ್ರತಿ ತೆಗೆದುಕೊಂಡು ನಮ್ಮದೇ ಕವಲಾಗಿ ಸಾಕಬಹುದು. ನಮ್ಮವರು ಇದಕ್ಕೆ 'ಫೋರ್ಕ್ ಮಾಡೋದು' ಅನ್ನುತ್ತಾರೆ.

ಇದೇ ಪ್ರಶ್ನೆ ನನಗೆ ಹಿಂದೊಮ್ಮೆ ಎದುರಾಗಿತ್ತು. ಆಗ ಬೇರೊಂದು ಸಂಸ್ಥೆಯಲ್ಲಿ, ಇಂಥದ್ದೇ ಹೆಸರು-ಪಟ್ಟಿಯ ಕೆಲಸದಲ್ಲಿದ್ದೆ. ಗೂಗಲ್ ಹೊರತಂದಿದ್ದ ಆಂಗ್ಯುಲರ್‌ಜೆಎಸ್ ಎಂಬ ಫ್ರೇಮ್‌ವರ್ಕಿನ ಮೇಲೆ ನಮ್ಮ ಪರದೆಗಳೆಲ್ಲ ನಿಂತಿದ್ದವು. 2014ರ ಅಕ್ಟೋಬರಿನಲ್ಲಿ ಅದರ ಎರಡನೆಯ ಆವೃತ್ತಿಯ ಸುದ್ದಿ ಬಂತು. ಹಳೆಯದಕ್ಕೂ ಅದಕ್ಕೂ ಹೆಸರಿನ ನಂಟು ಬಿಟ್ಟರೆ ಹೊಂದಾಣಿಕೆಯೇ ಇರಲಿಲ್ಲ. ಹೊಸದು ಕೈಗೆ ಸಿಕ್ಕಿದ್ದು 2016ರ ಸೆಪ್ಟೆಂಬರಿನಲ್ಲಿ. ಹಳೆಯದಕ್ಕೆ ಗೂಗಲ್ ಪೂರ್ತಿ ಬಾಗಿಲು ಹಾಕಿದ್ದು 2021ರ ಡಿಸೆಂಬರ್ 31ರಂದು. ನಡುವೆ ಐದು ವರ್ಷಕ್ಕೂ ಹೆಚ್ಚು ಸಮಯವಿತ್ತು. ನಾವು ಕಾಯಲಿಲ್ಲ. ಹಳೆಯ ಕೋಡ್ ನೋಡಿದರೆ ಎಲ್ಲರಿಗೂ ಬೇಸರ. ಯಾರೋ ಬರೆದದ್ದು, ಎಲ್ಲೆಲ್ಲೋ ತೇಪೆ ಹಾಕಿದ್ದು. ಪೂರಾ ಹೊಸದಾಗಿ ಬರೆಯೋಣ ಎಂದು ಗಟ್ಟಿಯಾಗಿ ವಾದಿಸಿದವರಲ್ಲಿ ನಾನೇ ಮೊದಲಿಗ.

ಹಳೆಯ ಕೋಡಿನ ಒಂದು ಮೂಲೆಯಲ್ಲಿ ಹತ್ತು ಹನ್ನೆರಡು ಸಾಲುಗಳಿದ್ದವು. ಹುಡುಕುವ ಮೊದಲು ಹೆಸರಿನಿಂದ ಏನನ್ನೋ ಕಿತ್ತುಹಾಕುತ್ತಿದ್ದವು. ಏನನ್ನು, ಯಾಕೆ ಎಂಬ ಟಿಪ್ಪಣಿ ಇರಲಿಲ್ಲ. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ನನಗೆ ಕಸದಂತೆ ಕಂಡವು, ಬಿಟ್ಟುಬಿಟ್ಟೆ. ಹೊಸ ತಂತ್ರಾಂಶ ಹಳ್ಳಿಗಳಿಗೆ ಹೋದ ವಾರಕ್ಕೇ ಲೆಕ್ಕ ಬರೆಯುವ ಅಕ್ಕ ಒಬ್ಬರು ಫೋನ್ ಮಾಡಿದರು. 'ಅಣ್ಣಾ, ಹೆಸ್ರು ಕಣ್ ಮುಂದೇ ಅದೆ, ಹುಡುಕಿದ್ರೆ ಇಲ್ಲ ಅಂತದೆ.' ಮಂಜುನಾಥ್, ಶ್ರೀನಿವಾಸ್, ವೆಂಕಟೇಶ್. ಕೊನೆಗೆ ವ್ಯಂಜನ ನಿಂತ ಹೆಸರುಗಳೇ ಸಿಗುತ್ತಿರಲಿಲ್ಲ.

ಕಾರಣ ಗೊತ್ತಾಗಲು ಮೂರು ದಿನ ಬೇಕಾಯಿತು. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯುನಿಕೋಡಿನಲ್ಲಿ ಅಗಲವೇ ಇಲ್ಲದ, ಕಣ್ಣಿಗೆ ಬೀಳದ ಒಂದು ಸಂಕೇತವಿದೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರ ಒತ್ತಾಗಿ ಇಳಿಯದಂತೆ ತಡೆಯುವುದು ಅದೇ. ಪದದ ನಡುವೆ ಅದು ಬೇಕೇ ಬೇಕು. ಕೆಲವು ಕೀಲಿಮಣೆಗಳು ಮತ್ತು ಹಳೆಯ ಕಡತಗಳನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಪದದ ಕೊನೆಗೂ ಅದನ್ನು ಸೇರಿಸಿಬಿಡುತ್ತವೆ. ಆಗ ನೋಡಲು ಒಂದೇ ಥರದ ಎರಡು 'ಮಂಜುನಾಥ್' ಹುಟ್ಟುತ್ತಾರೆ. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ. ನಾನು ಕಸವೆಂದು ಬಿಟ್ಟ ಸಾಲುಗಳು ಮಾಡುತ್ತಿದ್ದದ್ದು ಆ ಬಾಲವನ್ನು ಕತ್ತರಿಸುವ ಕೆಲಸ. ನನ್ನಂತೆಯೇ ಒಬ್ಬ ಬರಹಗಾರ, ಅಂಥದ್ದೇ ಒಬ್ಬ ಅಕ್ಕನ ಫೋನ್ ಬಂದ ದಿನ, ಅವನ್ನು ಬರೆದಿರಬೇಕು. ಹಳೆಯ ಕೋಡಿನಲ್ಲಿ ತೇಪೆಯಂತೆ ಕಾಣುವ ಎಷ್ಟೋ ಜಾಗಗಳು ಹೀಗೆ ಯಾರದೋ ಅನುಭವ ಉಳಿದ ಗುರುತು. ಹೊಸದಾಗಿ ಬರೆಯುವ ಉತ್ಸಾಹದಲ್ಲಿ ನಾವು ಮೊದಲು ಸುಡುವುದು ಅದನ್ನೇ.

ನೆಟ್‌ಸ್ಕೇಪ್ ಕಂಪನಿಗೆ ಇದು ಬಹಳ ದೊಡ್ಡ ಅಳತೆಯಲ್ಲಿ ಆಯಿತು. 1998ರ ಮಾರ್ಚ್ 31ರಂದು ಅದು ತನ್ನ ಬ್ರೌಸರಿನ ಮೂಲ ಕೋಡನ್ನು ಜಗತ್ತಿಗೆ ತೆರೆದಿಟ್ಟಿತು. ಅದೇ ವರ್ಷ ಹಳೆಯ ಕೋಡನ್ನು ಪಕ್ಕಕ್ಕಿಟ್ಟು ಗೆಕ್ಕೋ ಎಂಬ ಹೊಸ ಎಂಜಿನ್ ಮೇಲೆ ಎಲ್ಲವನ್ನೂ ಕಟ್ಟುವ ತೀರ್ಮಾನವಾಯಿತು. ನೆಟ್‌ಸ್ಕೇಪ್ 5 ಹೊರಬರಲೇ ಇಲ್ಲ. 6 ಬಂದದ್ದು 2000ದ ನವೆಂಬರಿನಲ್ಲಿ. ಅಷ್ಟರಲ್ಲಿ ಮಾರುಕಟ್ಟೆ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಕೈಗೆ ಹೋಗಿತ್ತು. ಜೋಯೆಲ್ ಸ್ಪೋಲ್‌ಸ್ಕಿ ಎಂಬ ಪ್ರೋಗ್ರಾಮರ್ ಆ ವರ್ಷವೇ, ಕಂಪನಿಯೊಂದು ಮಾಡಬಾರದ ತಪ್ಪು ಇದೇ ಎಂದು ಲೇಖನ ಬರೆದರು. ಇಂದಿಗೂ ನಮ್ಮ ಕಸುಬಿನವರು ಅದನ್ನು ಹೊಸಬರಿಗೆ ಓದಿಸುತ್ತಾರೆ. ಆದರೆ ಆ ಹೊಸ ಎಂಜಿನ್ ಸಾಯಲಿಲ್ಲ. 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ ಆಗಿ ಅದು ಎದ್ದು ಬಂತು. ಕೆಡವಿದ ಕಂಪನಿ ಮುಗಿದುಹೋಗಿತ್ತು, ಕಟ್ಟಿದ ವಸ್ತು ಉಳಿಯಿತು. ಸ್ಪೋಲ್‌ಸ್ಕಿಯವರ ಮಾತನ್ನು ನಾನು ಬಹುಪಾಲು ಒಪ್ಪುತ್ತೇನೆ. ಪೂರ್ತಿ ಒಪ್ಪದಿರಲು ಕಾರಣ ನನ್ನ ಊರಿನ ಹೆಸರೇ.

ನಿಮ್ಮ ಆಂಡ್ರಾಯ್ಡ್ ಮೊಬೈಲಿನಲ್ಲಿ ಆ ಅರ್ಕಾವತ್ತನ್ನು ಜಾಗಕ್ಕೆ ಕೂರಿಸುವ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಇದು ಫಾರಸಿಯಿಂದ ಬಂದ ಹೆಸರು. ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಇದರ ಬೇರು ಫ್ರೀಟೈಪ್ ಎಂಬ ಅಕ್ಷರ ಮೂಡಿಸುವ ಮುಕ್ತ ಯೋಜನೆಯಲ್ಲಿದೆ. ಅಕ್ಷರಗಳನ್ನು ಜೋಡಿಸುವ ಒಂದಿಷ್ಟು ಕೋಡ್ ಅದರಲ್ಲಿತ್ತು. ಎರಡನೆಯ ಆವೃತ್ತಿ ಬರೆಯುವಾಗ ಅದನ್ನು ಕೈಬಿಟ್ಟರು. ಕೈಬಿಟ್ಟದ್ದನ್ನು ಲಿನಕ್ಸಿಗೆ ಪರದೆ ಕಟ್ಟುವ ಎರಡು ಬಳಗಗಳ ಕಡೆಯವರು ಎತ್ತಿಕೊಂಡರು. ಗ್ನೋಮ್ ಬಳಗದ ಪ್ಯಾಂಗೋ ಒಂದು ಪ್ರತಿ ತೆಗೆದುಕೊಂಡಿತು, ಕೆಡಿಇ ಬಳಗ ನೆಚ್ಚಿದ್ದ ಕ್ಯೂಟಿ ಇನ್ನೊಂದನ್ನು. ಒಂದೇ ಮೂಲದ ಎರಡು ಕವಲು. ಒಂದರಲ್ಲಿ ತಿದ್ದಿದ ದೋಷ ಇನ್ನೊಂದರಲ್ಲಿ ಹಾಗೇ ಉಳಿಯುತ್ತಿತ್ತು. ಲಿನಕ್ಸ್ ಬಳಸುವವರಿಗೆ ಆ ಕಾಲ ನೆನಪಿರುತ್ತದೆ. ಒಂದೇ ಯಂತ್ರದಲ್ಲಿ ಒಂದು ಕಿಟಕಿಯಲ್ಲಿ ಒತ್ತಕ್ಷರ ಸರಿಯಾಗಿದ್ದರೆ ಪಕ್ಕದ ಕಿಟಕಿಯಲ್ಲಿ ಮುರಿದು ಬಿದ್ದಿರುತ್ತಿತ್ತು. 2006ರಲ್ಲಿ ಎರಡೂ ಕಡೆಯವರು ಒಟ್ಟಿಗೆ ಕುಳಿತು ಕವಲುಗಳನ್ನು ಒಂದುಗೂಡಿಸಿದರು. ಹಾರ್ಫ್‌ಬಜ್ ಹೆಸರಿನಲ್ಲಿ ಮುಂದುವರಿದದ್ದು ಈ ಕೂಡಿದ ಕೋಡ್.

ಆಮೇಲೆ ಬೆಹದಾದ್ ಎಸ್ಫಹ್‌ಬೋದ್ ಅದನ್ನು ಪೂರಾ ಹೊಸದಾಗಿ ಬರೆದರು. ಇರಾನಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದವರು ಅವರು. ನಾನು ಮಾಡಿದ್ದೂ ಅದನ್ನೇ, ನೆಟ್‌ಸ್ಕೇಪ್ ಮಾಡಿದ್ದೂ ಅದನ್ನೇ. ಆದರೂ ಇವರದು ನಿಂತಿತು. 2012ರಲ್ಲಿ ಭಾರತದ ಲಿಪಿಗಳ ಭಾಗ ಬರೆಯುವಾಗ ಅವರು ಏನು ಮಾಡಿದರು ಎಂಬುದನ್ನು ನೋಡಿದರೆ ಕಾರಣ ಸಿಗುತ್ತದೆ. ವಿಕಿಪೀಡಿಯದಿಂದ ಒಂದೊಂದು ಭಾಷೆಯ ಪದಗಳನ್ನೂ ರಾಶಿ ಹಾಕಿಕೊಂಡರು. ಕನ್ನಡದ ರಾಶಿಯೊಂದರಲ್ಲೇ ಸುಮಾರು ಒಂಬತ್ತೂವರೆ ಲಕ್ಷ ಪದಗಳಿದ್ದವು. ಪ್ರತಿಯೊಂದು ಪದವನ್ನೂ ಮೈಕ್ರೋಸಾಫ್ಟ್ ವಿಂಡೋಸಿನ ಯುನಿಸ್ಕ್ರೈಬ್ ಹೇಗೆ ಜೋಡಿಸುತ್ತದೆ, ತಮ್ಮ ಹೊಸ ಕೋಡ್ ಹೇಗೆ ಜೋಡಿಸುತ್ತದೆ ಎಂದು ಪಕ್ಕಪಕ್ಕ ಇಟ್ಟು ತಾಳೆ ನೋಡಿದರು. ಕೋಡಿನಲ್ಲಿ ತಿದ್ದುಪಡಿ ಆದಾಗೆಲ್ಲ ತಾಳೆ ನೋಡಿ, ಎಷ್ಟು ಪದ ಹೊಂದಲಿಲ್ಲ ಎಂದು ಬರೆದಿಟ್ಟರು. ಕನ್ನಡದಲ್ಲಿ ಹೊಂದದ ಪದಗಳು ಸಾವಿರದೊಳಕ್ಕೆ ಇಳಿದವು. ಉಳಿದವುಗಳಲ್ಲಿ ವಿಂಡೋಸಿನದೇ ತಪ್ಪೆನಿಸಿದ ಕಡೆ ಬೇಕೆಂದೇ ಬೇರೆ ದಾರಿ ಹಿಡಿದರು.

ಹಳೆಯ ವ್ಯವಸ್ಥೆಗೆ ಗೊತ್ತಿದ್ದುದನ್ನೆಲ್ಲ ಹೊಸದು ಮರೆಯದಂತೆ ಅವರು ಕಾವಲಿಟ್ಟುಕೊಂಡು ಬರೆದರು. ನನ್ನ ಹತ್ತು ಸಾಲಿಗೆ ಅಂಥ ಕಾವಲು ಇರಲಿಲ್ಲ.

ಆ ಪದಗಳನ್ನು ಬರೆದವರು ಯಾರು ಎಂದು ಯೋಚಿಸಿದರೆ ಈಗಲೂ ನನ್ನ ಮನಸ್ಸು ತುಂಬುತ್ತದೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಸಂಬಳವಿಲ್ಲದೆ, ಕೆಲಸ ಮುಗಿಸಿ ಬಂದ ರಾತ್ರಿಗಳಲ್ಲಿ, ತಮ್ಮ ಊರು, ಕೆರೆ, ಕವಿ, ಹಕ್ಕಿ ಎಂದು ಬರೆದವರ ಪದಗಳು ಅವು. ಆ ರಾಶಿ ಕನ್ನಡ ಬಾರದ ಎಂಜಿನಿಯರೊಬ್ಬರ ಕೈಯಲ್ಲಿ ಕನ್ನಡದ ಅಳತೆಗೋಲಾಯಿತು. ಅದೇ 2012ರಲ್ಲಿ ಆಂಡ್ರಾಯ್ಡ್ 4.1ರ ಜೊತೆ ಕನ್ನಡ, ತೆಲುಗು, ಮಲಯಾಳಂ ಬೆಂಬಲ ಬಂತು. ಅದಕ್ಕೂ ಮುಂಚಿನ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಬದಲು ಚೌಕಗಳು ಕಾಣುತ್ತಿದ್ದವು. ಇಂದು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲದರ ಒಳಗೂ ಹಾರ್ಫ್‌ಬಜ್ ಇದೆ. 2017ರ ಫೆಬ್ರವರಿಯಲ್ಲಿ ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶ ತನ್ನ 5.3ನೆಯ ಆವೃತ್ತಿಯಲ್ಲಿ, ಒಂದೊಂದು ಯಂತ್ರಕ್ಕೆ ಒಂದೊಂದು ಬಗೆಯ ಜೋಡಣೆ ಬಿಟ್ಟು ಎಲ್ಲೆಡೆ ಇದನ್ನೇ ಇರಿಸಿಕೊಂಡಿತು.

ಲಿಬ್ರೆಆಫೀಸ್ ಕೂಡ ಒಂದು ಕವಲು. 2010ರ ಜನವರಿಯಲ್ಲಿ ಓಪನ್‌ಆಫೀಸ್ ನಡೆಸುತ್ತಿದ್ದ ಸನ್ ಕಂಪನಿಯನ್ನು ಒರಾಕಲ್ ಕೊಂಡುಕೊಂಡಿತು. ಓಪನ್‌ಆಫೀಸಿನ ಗತಿ ಏನಾಗುವುದೋ ಎಂಬ ಅಳುಕಿನಲ್ಲಿ ಅದೇ ವರ್ಷದ ಸೆಪ್ಟೆಂಬರ್ 28ರಂದು ಹಲವು ಸ್ವಯಂಸೇವಕರು ಹೊರಬಂದು ಹೊಸ ಪ್ರತಿಷ್ಠಾನ ಕಟ್ಟಿದರು. ಕೋಡಿನ ಜೊತೆಗೆ ಕೋಡ್ ಬಲ್ಲ ಜನವೂ ಹೊರಟುಬಂದದ್ದರಿಂದ ಆ ಕವಲು ಬದುಕಿತು. ಇನ್ನೊಂದು ಬಗೆಯ ಕವಲು ತಿರುಗಿ ಬಂದು ಮನೆಯನ್ನೇ ಸೇರುತ್ತದೆ. ಬರೆದ ಕೋಡನ್ನು ಯಂತ್ರದ ಭಾಷೆಗೆ ತರುವ ಜಿಸಿಸಿ ಎಂಬ ಕಂಪೈಲರಿನ ಕೆಲಸ ತೀರ ನಿಧಾನವೆಂದು 1997ರಲ್ಲಿ ಕೆಲವರು ಇಜಿಸಿಎಸ್ ಎಂಬ ಕವಲು ತೆಗೆದರು. ಎರಡು ವರ್ಷದಲ್ಲಿ ಅದು ಎಷ್ಟು ಚೆನ್ನಾಗಿ ಬೆಳೆಯಿತೆಂದರೆ, 1999ರಲ್ಲಿ ಮೂಲದವರೇ ಕವಲನ್ನು ಅಧಿಕೃತ ಜಿಸಿಸಿ ಎಂದು ಒಪ್ಪಿಕೊಂಡರು.

ನಮ್ಮ ಕಡೆಯವರಿಗೆ ಕವಲೆಂದರೇನೆಂದು ವಿವರಿಸಲು ನಾನು ಜಿಲ್ಲೆಯ ಮಾತು ಎತ್ತುತ್ತೇನೆ. 2007ರವರೆಗೆ ನಾವು ಕೋಲಾರ ಜಿಲ್ಲೆಯವರು. ಆ ವರ್ಷ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಎಲ್ಲ ಸೇರಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮಣ್ಣು ಅದೇ, ಹಳೆಯ ದಾಖಲೆ ಅದೇ. ಆದರೆ ಆ ದಿನದಿಂದ ಜಿಲ್ಲಾಧಿಕಾರಿಯಿಂದ ಹಿಡಿದು ಗುಮಾಸ್ತರವರೆಗೆ ಬೇರೆಯೇ ಸಿಬ್ಬಂದಿ ಬೇಕಾಯಿತು, ದಿನಾ ಬೆಳಗ್ಗೆ ಬಂದು ಕಡತ ತೆರೆಯುವವರು ಬೇಕಾದರು. ಫೋರ್ಕ್ ಮಾಡುವುದೆಂದರೆ ಅದೇ. ಕೋಡನ್ನು ನಕಲು ಮಾಡಲು ಒಂದು ನಿಮಿಷ ಸಾಕು. ಆಮೇಲಿನ ಪ್ರತಿ ಬೆಳಗ್ಗೆಗೂ ಒಬ್ಬ ಮನುಷ್ಯ ಬೇಕು.

ನಮ್ಮ ಹಿರಿಯರ ಕಾಲದಲ್ಲಿ ಅಂಥ ಮನುಷ್ಯನಿಗೆ ಹೆಸರೂ ಇತ್ತು, ನೀರುಗಂಟಿ. ಕೆರೆಯ ತೂಬು ಎತ್ತುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತಲೆಯಲ್ಲಿ ಲೆಕ್ಕ ಇಟ್ಟವನು, ಮಳೆಗಾಲದ ರಾತ್ರಿ ಏರಿ ಕಾಯುವವನು. ನದಿಯ ಆಸರೆಯಿಲ್ಲದ ಈ ಬಯಲು ಸೀಮೆ ಕೆರೆಗಳಿಂದ ಬದುಕಿತ್ತು. ಬೋರ್‌ವೆಲ್ ಬಂದ ಮೇಲೆ ಕೆರೆ ಬೇಡವಾಯಿತು, ನೀರುಗಂಟಿಯೂ ಬೇಡವಾದ. ಅವನ ತಲೆಯಲ್ಲಿದ್ದ ಲೆಕ್ಕವನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ಕೆರೆಗಳ ನೆನಪಾಯಿತು. ಈಗ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯಿಂದ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದ ಕಡೆ ಕಾಲುವೆ ಯಾವ ಕಡೆಗಿತ್ತು ಎಂದು ಕೇಳಿದರೆ ಹೇಳುವವರು ಕಡಿಮೆ.

ಬೆಂಗಳೂರಿನಲ್ಲೇ ನಡೆದ ಇನ್ನೊಂದು ಕಥೆ ಹೇಳಬೇಕು. ಹತ್ತಾರು ಕಂಪ್ಯೂಟರುಗಳ ಡಿಸ್ಕುಗಳನ್ನು ಒಟ್ಟುಗೂಡಿಸಿ ಒಂದೇ ದೊಡ್ಡ ಕಣಜದಂತೆ ತೋರಿಸುವ ಮುಕ್ತ ತಂತ್ರಾಂಶ ಗ್ಲಸ್ಟರ್. ಅದರ ಎಂಜಿನಿಯರಿಂಗ್ ತಂಡದ ದೊಡ್ಡ ಪಾಲು ಬೆಂಗಳೂರಿನಲ್ಲಿತ್ತು. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಕಂಪನಿ ಅದನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. ಕಣಜಕ್ಕೆ ಮೇಲ್ವಿಚಾರಕನಂತಿದ್ದ ಗ್ಲಸ್ಟರ್‌ಡಿ ಎಂಬ ಭಾಗ ಯಂತ್ರಗಳ ಸಂಖ್ಯೆ ಹೆಚ್ಚಿದಂತೆ ಏದುಸಿರು ಬಿಡುತ್ತಿತ್ತು. ಅದನ್ನು ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೊಸದಾಗಿ ಬರೆಯುವ ಕೆಲಸಕ್ಕೆ ಕೈಹಾಕಿದರು. 2018ರ ಮಾರ್ಚಿನಲ್ಲಿ ಬಂದ ಗ್ಲಸ್ಟರ್ 4.0ರ ಜೊತೆ ಅದು ಪರೀಕ್ಷಾರ್ಥವಾಗಿ ಬಂತು. ಹಳೆಯದರ ಜಾಗಕ್ಕೆ ಬರುವ ಮೊದಲೇ ಕೆಲಸ ನಿಂತುಹೋಯಿತು. ಒಳ್ಳೆಯ ಎಂಜಿನಿಯರುಗಳ ವರ್ಷಗಟ್ಟಲೆ ದುಡಿಮೆ ಅದು.

ಮುಂದೆ ಗ್ಲಸ್ಟರಿನಲ್ಲಿ ಪಳಗಿದ್ದ ಕೆಲವರು ಹೊರಬಂದು ಇನ್ನೊಂದು ಯೋಜನೆ ಶುರುಮಾಡಿದರು. ದತ್ತಾಂಶ ಓದುವ, ಬರೆಯುವ ಗಟ್ಟಿ ಭಾಗವನ್ನು ಗ್ಲಸ್ಟರಿನದನ್ನೇ ಉಳಿಸಿಕೊಂಡರು. ತೊಡಕಾಗಿದ್ದ ಮೇಲ್ವಿಚಾರಕನನ್ನು ಪುನಃ ಬರೆಯುವ ಬದಲು ಬಿಟ್ಟೇಬಿಟ್ಟು, ಆ ಹೊಣೆಯನ್ನು ಹಲವು ಯಂತ್ರಗಳ ಕೆಲಸ ನಿಭಾಯಿಸುವ ಕುಬರ್ನೆಟಿಸ್‌ಗೆ ಒಪ್ಪಿಸಿದರು. ಅದಕ್ಕೆ ಅವರಿಟ್ಟ ಹೆಸರು ಕಡಲು. ನಮ್ಮ ಕನ್ನಡದ ಕಡಲೇ. ರೆಡ್ ಹ್ಯಾಟಿನ ಗ್ಲಸ್ಟರ್ ಸ್ಟೋರೇಜಿಗೆ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಯಾವುದನ್ನು ಮುಟ್ಟಬಾರದು, ಯಾವುದನ್ನು ಬಿಟ್ಟರೆ ನಷ್ಟವಿಲ್ಲ ಎಂದು ಆರಿಸಬಲ್ಲವರು ಒಳಗಿದ್ದು ದುಡಿದವರೇ.

ಪೂರಾ ಬದಲಾವಣೆಯ ದಾರಿಯನ್ನೂ ಕನ್ನಡ ಕಂಡಿದೆ. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂತು, ಕನ್ನಡ ಗಣಕ ಪರಿಷತ್ತಿನ 'ನುಡಿ' ಆಮೇಲೆ ಬಂತು. ನಾವು ಮೊದಲು ಕಂಪ್ಯೂಟರಿನಲ್ಲಿ ಕನ್ನಡ ಕಂಡದ್ದು ಅವುಗಳಿಂದ, ಆ ಋಣ ಸಣ್ಣದಲ್ಲ. ಆದರೆ ಆ ಹಳೆಯ ಫಾಂಟುಗಳಲ್ಲಿ ದಾಖಲಾಗುತ್ತಿದ್ದದ್ದು ಅಕ್ಷರದ ಆಕಾರ. ಕೆಂಚಾರ್ಲಹಳ್ಳಿ ಎಂದು ಬರೆದರೆ ಮೊದಲು ಲ, ಆಮೇಲೆ ಅರ್ಕಾವತ್ತಿನ ಚಿತ್ರ ಎಂದು, ಕಣ್ಣಿಗೆ ಕಂಡ ಸಾಲಿನಲ್ಲೇ ಕಡತ ಸೇರುತ್ತಿತ್ತು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಯುರೋಪಿನ ಯಾವುದೋ ಚಿಹ್ನೆಗಳ ಗೋಜಲು. ಹುಡುಕುವುದು, ಅಕಾರಾದಿ ಜೋಡಿಸುವುದು ಎಲ್ಲ ಕಷ್ಟ. ಯುನಿಕೋಡಿಗೆ ಹೋಗದೆ ಗತಿಯಿರಲಿಲ್ಲ. ಹಳೆಯ ಕಡತಗಳನ್ನು ಪರಿವರ್ತಿಸುವಾಗ ಪ್ರತಿ ಅರ್ಕಾವತ್ತನ್ನೂ ಹಿಡಿದು, ಅಕ್ಷರದ ಹಿಂದಿನಿಂದ ಎತ್ತಿ ಮುಂದಕ್ಕೆ ತರಬೇಕು. 'ರ‍್ಯಾಂಕ್' ಎಂಬಲ್ಲಿ ಮಾತ್ರ ತರಬಾರದು. ಅಲ್ಲಿ ರ ತನ್ನ ಜಾಗದಲ್ಲೇ ನಿಂತು ಯ ಒತ್ತಾಗಬೇಕು, ಅದಕ್ಕಾಗಿ ಯುನಿಕೋಡಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ನಡುವೆ ಸೇರಿಸಬೇಕು. ಇವನ್ನೆಲ್ಲ ಬಲ್ಲ ಪರಿವರ್ತಕಗಳನ್ನು ಕನ್ನಡದ ಹುಡುಗರು ಬಿಡುವಿನ ವೇಳೆಯಲ್ಲಿ ಬರೆದು ಮುಕ್ತವಾಗಿ ಹಂಚಿದ್ದಾರೆ.

ಇಷ್ಟು ದೊಡ್ಡ ಬದಲಾವಣೆಯಲ್ಲೂ ಒಂದು ವಸ್ತು ಕದಲಲಿಲ್ಲ, ಕಿನ್ನಿಕಂಬಳ ಪದ್ಮನಾಭ ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ. ಕೆ.ಪಿ. ರಾವ್ ಎಂದರೆ ಎಲ್ಲರಿಗೂ ಗೊತ್ತು. ನುಡಿಯಲ್ಲಿ ಕೂತು ಬೆರಳು ಪಳಗಿಸಿಕೊಂಡ ಟೈಪಿಸ್ಟ್ ಇಂದು ಯುನಿಕೋಡಿನಲ್ಲಿ ಬರೆಯುವಾಗಲೂ ಅದೇ ಕೀಲಿಗಳನ್ನೇ ಒತ್ತುತ್ತಾರೆ. ಒಳಗೆ ಪಾಯವೇ ಬೇರೆಯಾಗಿದ್ದರೂ ಬೆರಳಿಗೆ ಅದರ ಸುಳಿವಿಲ್ಲ. ಬದಲಾವಣೆ ಮಾಡುವವರು ಉಳಿಸಬೇಕಾದದ್ದೇನು ಎಂದು ನನ್ನನ್ನು ಕೇಳಿದರೆ ನಾನು ತೋರಿಸುವುದು ಆ ಬೆರಳುಗಳನ್ನು.

ಆಂಗ್ಯುಲರ್‌ಜೆಎಸ್‌ಗೆ ಬಾಗಿಲು ಹಾಕಿದಾಗ ಸಿಕ್ಕಿಕೊಂಡವುಗಳಲ್ಲಿ ಬಹ್ಮನಿ ಎಂಬ ಆಸ್ಪತ್ರೆ ತಂತ್ರಾಂಶವೂ ಒಂದು. ಛತ್ತೀಸಗಢದ ಬಿಲಾಸ್‌ಪುರದ ಹತ್ತಿರ ಗನಿಯಾರಿಯ ಜನ ಸ್ವಾಸ್ಥ್ಯ ಸಹಯೋಗ ಆಸ್ಪತ್ರೆಗಾಗಿ ಥಾಟ್‌ವರ್ಕ್ಸ್‌ನವರು ಕಟ್ಟಿದ್ದು. ರೋಗಿಗಳ ದಾಖಲೆಗೆ ಹೊಸದಾಗಿ ಬರೆಯುವ ಬದಲು ಆಗಲೇ ಆಫ್ರಿಕಾದಲ್ಲಿ ಪಳಗಿದ್ದ ಓಪನ್‌ಎಂಆರ್‌ಎಸ್ ಮೇಲೆ ನಿಂತರು, ತಮ್ಮ ವೈದ್ಯರಿಗೆ ಬೇಕಾದ ಪರದೆಗಳನ್ನಷ್ಟೇ ಬರೆದುಕೊಂಡರು. ಆ ಪರದೆಗಳು ಆಂಗ್ಯುಲರ್‌ಜೆಎಸ್‌ನಲ್ಲಿದ್ದವು. ಎಲ್ಲವನ್ನೂ ಒಂದೇ ರಾತ್ರಿ ಕೆಡವದೆ, ಭಾಗ ಭಾಗವಾಗಿ ರಿಯಾಕ್ಟ್ ಎಂಬ ಬೇರೊಂದು ಸಾಧನದ ಕಡೆಗೆ ಸಾಗಿದ್ದಾರೆ. ಆಸ್ಪತ್ರೆಯ ಹೊರರೋಗಿ ಸಾಲು ಒಂದು ದಿನವೂ ನಿಲ್ಲುವಂತಿಲ್ಲವಲ್ಲ.

ಹೋದ ತಿಂಗಳು ನಮ್ಮ ತಂಡವೂ ತೀರ್ಮಾನಕ್ಕೆ ಬಂತು. ಕವಲು ತೆಗೆಯುವುದಿಲ್ಲ. ನಾವಿರುವುದು ನಾಲ್ವರು, ಇನ್ನೊಬ್ಬರ ಕೆರೆಗೆ ನೀರುಗಂಟಿಯಾಗುವಷ್ಟು ಕೈ ನಮ್ಮಲ್ಲಿಲ್ಲ. ಮೊದಲಿನಿಂದ ಕಟ್ಟುವುದೂ ಇಲ್ಲ. ಬೇರೆ ಫ್ರೇಮ್‌ವರ್ಕಿಗೆ ಒಂದೊಂದೇ ಪರದೆಯಾಗಿ ಹೋಗುತ್ತೇವೆ. ಮೊದಲ ಪರದೆ ಮುಟ್ಟುವ ಮುಂಚೆ ಒಂದು ಕೆಲಸ ಹಚ್ಚಿಕೊಂಡಿದ್ದೇವೆ. ಹಳೆಯ ತಂತ್ರಾಂಶಕ್ಕೆ ಹೆಸರೊಂದು ಕೊಟ್ಟರೆ ಅದು ಹೇಗೆ ಹುಡುಕುತ್ತದೆ, ಹೇಗೆ ಜೋಡಿಸುತ್ತದೆ, ಹೇಗೆ ಅಚ್ಚು ಹಾಕುತ್ತದೆ ಎಂದು ಒಂದೊಂದಾಗಿ ಬರೆದಿಡುತ್ತಿದ್ದೇವೆ. ಹೊಸದು ಪ್ರತಿ ಸಂಜೆ ಇದೇ ಪಟ್ಟಿಯ ಮುಂದೆ ನಿಂತು ಉತ್ತರ ಹೇಳಬೇಕು. ಬಾಲವಿರುವ ಮಂಜುನಾಥ್, ಬಾಲವಿಲ್ಲದ ಮಂಜುನಾಥ್, ರಾಜ್‌ಕುಮಾರ್, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ. ಲೆಕ್ಕ ಬರೆಯುವ ಅಕ್ಕಂದಿರಿಗೂ ಹೇಳಿದ್ದೇವೆ, ತೊಂದರೆ ಕೊಟ್ಟ ಹೆಸರುಗಳನ್ನು ಕಳಿಸುತ್ತಿದ್ದಾರೆ. ಪಟ್ಟಿ ದಿನಕ್ಕಿಷ್ಟು ಬೆಳೆಯುತ್ತಿದೆ. ಅದರ ಮೊದಲ ಸಾಲಿನಲ್ಲಿ ನಾನು ಬರೆದದ್ದು ಕೆಂಚಾರ್ಲಹಳ್ಳಿ.